ಮರಿ ನೆಗೆಟಿವ್ ಇತ್ತು, ಕೆರೆ ಯಾಕೆ ಹೋಯಿತು?

ಸಂಪಾದಕರಿಗೆ,

ಮಾನ್ಯರೇ,

ಕರಾವಳಿಯ ಸೀಗಡಿ ಕೆರೆಗಳಿಗೆ ಬಿಳಿ ಚುಕ್ಕೆ ರೋಗ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಪಿಸಿಆರ್ ಮಾಡಿಸಿದ ಮರಿಯನ್ನೇ ಬಿಟ್ಟಿದ್ದೆವು, ಆದರೂ ರೋಗ ಬಂತು.’ (ಪಿಸಿಆರ್ ಎಂದರೆ ವೈರಸ್‌ನ ಡಿಎನ್‌ಎ ತುಣುಕನ್ನು ಪ್ರತಿ ಮೇಲೆ ಪ್ರತಿ ಮಾಡಿ ಪತ್ತೆಹಚ್ಚುವ ಪರೀಕ್ಷೆ.) ಅದರ ಬೆನ್ನಿಗೇ ಪ್ರಯೋಗಾಲಯದವರು ದುಡ್ಡು ಇಸಿದುಕೊಂಡು ಸುಳ್ಳು ಚೀಟಿ ಕೊಡುತ್ತಾರೆ ಎಂಬ ದೂರು. ಅತ್ತ ಕಡೆಯಿಂದ, ಬೆಳೆಗಾರರು ನೀರು ನೋಡಿಕೊಳ್ಳುವುದರಲ್ಲಿ ಎಡವಿದರು ಎಂಬ ಸಮಜಾಯಿಷಿ. ಎರಡರಲ್ಲೂ ಆಗೀಗ ಹುರುಳಿರಬಹುದು. ಆದರೆ ಹೆಚ್ಚಿನ ಸಲ ತಪ್ಪು ಕೂತಿರುವುದು ಇವೆರಡರ ನಡುವೆ, ಯಾರೂ ನೋಡದ ಜಾಗದಲ್ಲಿ: ಎಷ್ಟು ಮರಿ ಕಳಿಸಿದರು, ಯಾವ ಅಂಗ ಕಳಿಸಿದರು, ಯಾವುದರಲ್ಲಿ ಮುಳುಗಿಸಿ ಕಳಿಸಿದರು, ಯಾವ ರೋಗಕ್ಕೆ ನೋಡಿ ಎಂದು ಬರೆದುಕೊಟ್ಟರು. ಸೀಗಡಿ ರೋಗ ಪತ್ತೆಯ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಪ್ರಯೋಗಾಲಯದ ಚೀಟಿಯಲ್ಲಿರುವ ‘ನೆಗೆಟಿವ್’ ಎಂಬುದಕ್ಕೆ ಎಷ್ಟು ಬೆಲೆ ಎನ್ನುವುದು ಕೆರೆಯ ದಂಡೆಯಲ್ಲಿ, ಮರಿ ಮಾಡುವ ಹ್ಯಾಚರಿಯ ತೊಟ್ಟಿಯ ಬಾಯಲ್ಲಿ ನಿರ್ಧಾರವಾಗುತ್ತದೆ. ಯಂತ್ರದ ಪಾಲು ಅದರಲ್ಲಿ ಕಡಿಮೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬಿಳಿ ಚುಕ್ಕೆ ರೋಗದ ವೈರಸ್ 1990ರ ದಶಕದ ಆರಂಭದಲ್ಲಿ ಚೀನಾ, ತೈವಾನ್ ಕಡೆ ಕಾಣಿಸಿಕೊಂಡಿತು. 1994ರ ಹೊತ್ತಿಗೆ ನಮ್ಮ ಪೂರ್ವ ಕರಾವಳಿಯನ್ನೂ ತಲುಪಿತು. ಸುಮಾರು ಮೂರು ಲಕ್ಷ ಬೇಸ್ ಜೋಡಿಗಳಿರುವ (ಡಿಎನ್‌ಎ ಉದ್ದದ ಅಳತೆ ಅದು) ದೊಡ್ಡ ಡಿಎನ್‌ಎ ವೈರಸ್ ಇದು. ಕೆರೆಯಲ್ಲಿ ಭುಗಿಲೆದ್ದರೆ ಮೂರರಿಂದ ಹತ್ತು ದಿನಗಳಲ್ಲಿ ನೂರಕ್ಕೆ 80ರಿಂದ 100 ಸೀಗಡಿ ಸಾಯುತ್ತವೆ. ಔಷಧವಿಲ್ಲ. ಆಂಟಿಬಯೋಟಿಕ್ ಇದರ ಕೂದಲನ್ನೂ ಕೊಂಕಿಸದು. ಅದನ್ನು ಹಾಕಿದರೆ ರಫ್ತಿನ ಹೊತ್ತಿಗೆ ಮಾಲು ವಾಪಸ್ ಬರುವುದಷ್ಟೇ ಲಾಭ. ಹಾಗಾಗಿ ಬೆಳೆಗಾರರ ಕೈಯಲ್ಲಿರುವ ದೊಡ್ಡ ಆಯುಧ ಮರಿ ಬಿಡುವ ಮೊದಲಿನ ಪರೀಕ್ಷೆ. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದದ್ದೇನಲ್ಲ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ತೊಂಬತ್ತರ ದಶಕದಿಂದಲೇ ಈ ವೈರಸ್ ಮೇಲೆ ಪಿಸಿಆರ್, ಊತಕ (ಅಂಗಾಂಶ) ಪರೀಕ್ಷೆ, ವೈರಸ್ಸನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯ, ಮೂರೂ ದಾರಿಯಲ್ಲಿ ಕೆಲಸ ನಡೆದಿದೆ. ಮೊನೊಕ್ಲೋನಲ್ ಪ್ರತಿಕಾಯ ಬಳಸಿ ಕೆರೆಯ ಬದಿಯಲ್ಲೇ ನೋಡಬಹುದಾದ ಕಿಟ್ ಕೂಡ ಅಲ್ಲಿ ರೂಪುಗೊಂಡಿತು. ಕರ್ನಾಟಕದ ಕೆರೆಗಳಿಗೆ ಬಿಡುವ ಹೊತ್ತಿನಲ್ಲಿ ಟೈಗರ್ ಸೀಗಡಿ ಮರಿಗಳಲ್ಲಿ ಎಷ್ಟರಲ್ಲಿ ವೈರಸ್ ಇರುತ್ತದೆ ಎಂದು ಪಿಸಿಆರ್‌ನಿಂದ ಅಳೆದ ಅಧ್ಯಯನ 2002ರಲ್ಲೇ ಪ್ರಕಟವಾಗಿದೆ. ನಾವು ಕೆಳಗೆ ಹೇಳುವ ಎಣಿಕೆ ಹಾಗಾಗಿ ಹೊಸ ವಿದ್ಯೆಯಲ್ಲ. ಬಳಕೆಗೆ ಬಂದಿಲ್ಲ, ಅಷ್ಟೆ.

ಒಂದು ಎಕರೆ ಕೆರೆಗೆ ಚದರ ಮೀಟರಿಗೆ 50ರಂತೆ ವನ್ನಾಮಿ ಜಾತಿಯ ಸೀಗಡಿ ಬಿಟ್ಟರೆ ಎರಡು ಲಕ್ಷ ಮರಿ ಬೇಕು. ಅದರಲ್ಲಿ ನೂರಕ್ಕೆ ಒಂದಕ್ಕೆ ಮಾತ್ರ ಸೋಂಕಿದೆ ಎಂದುಕೊಳ್ಳಿ. ಅಂದರೂ 2,000 ಸೋಂಕಿನ ಮರಿಗಳು ಕೆರೆಗೆ ಇಳಿದವು; ಒಂದು ಕೆರೆ ಹೋಗಲು ಅಷ್ಟೆಲ್ಲ ಬೇಡ. ಈಗ ಆ ರಾಶಿಯಿಂದ 30 ಮರಿ ಹೆಕ್ಕಿ ಪರೀಕ್ಷೆಗೆ ಕೊಟ್ಟರೆ ಆ ಮೂವತ್ತರಲ್ಲಿ ಒಂದೂ ಸೋಂಕಿನ ಮರಿ ಇಲ್ಲದಿರುವ ಸಾಧ್ಯತೆ ನೂರಕ್ಕೆ 74. ಯಂತ್ರ ಎಷ್ಟೇ ಚೆನ್ನಾಗಿರಲಿ, ಶೀಶೆಯಲ್ಲಿ ವೈರಸ್ಸೇ ಇಲ್ಲದಿದ್ದರೆ ಹುಡುಕುವುದೇನನ್ನು? 60 ಮರಿ ಕೊಟ್ಟರೆ ತಪ್ಪಿಹೋಗುವ ಸಾಧ್ಯತೆ 55. 150 ಕೊಟ್ಟರೆ 22. ಅದು ಐದಕ್ಕೆ ಇಳಿಯಬೇಕಾದರೆ 300 ಮರಿ ಬೇಕು. ಸೋಂಕು ನೂರಕ್ಕೆ ಹತ್ತರಲ್ಲಿದ್ದರೆ 30, ಐದರಲ್ಲಿದ್ದರೆ 60, ಎರಡರಲ್ಲಿದ್ದರೆ 150 ಮರಿ ಸಾಕು; ಆಗ ನೂರಕ್ಕೆ 95 ಸಲ ಸಿಕ್ಕಿಬೀಳುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರಾಯಿತು, ಏಕೆಂದರೆ ಇಡೀ ಪಾತ್ರೆ ಒಂದೇ ಹದದಲ್ಲಿ ಬೇಯುತ್ತದೆ. ಮರಿಗಳ ತೊಟ್ಟಿಯಲ್ಲಿ ಆ ಲೆಕ್ಕ ನಡೆಯದು.

ಹ್ಯಾಚರಿಗಳಲ್ಲಿ ಸಾಮಾನ್ಯವಾಗಿ ಹೇಳುವ 150 ಎಂಬ ಸಂಖ್ಯೆ ಬಂದದ್ದು ಈ ಲೆಕ್ಕದಿಂದಲೇ. ಆದ್ದರಿಂದ ‘150 ಮರಿ, ನೆಗೆಟಿವ್’ ಎಂಬ ಚೀಟಿಯನ್ನು ಓದಬೇಕಾದ ಬಗೆ ಹೀಗೆ: ಈ ತೊಟ್ಟಿಯಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಮರಿಗಳಿಗೆ ಸೋಂಕು ಇದ್ದಿದ್ದರೆ ನಮಗೆ ಬಹುಮಟ್ಟಿಗೆ ಗೊತ್ತಾಗುತ್ತಿತ್ತು, ಅದಕ್ಕಿಂತ ಕಡಿಮೆ ಇದ್ದರೆ ಗೊತ್ತಾಗದೆಯೂ ಇರಬಹುದು. ಇಷ್ಟನ್ನು ಚೀಟಿಯ ಕೆಳಗೆ ಒಂದು ಸಾಲಾಗಿ ಅಚ್ಚು ಹಾಕಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಈಗ ಎಷ್ಟೋ ಚೀಟಿಗಳಲ್ಲಿ ಮರಿಗಳ ಸಂಖ್ಯೆಯೇ ಇರುವುದಿಲ್ಲ.

ಇನ್ನು ಆ 150ನ್ನು ಹೆಕ್ಕುವ ಬಗೆ. ಬಲೆಚೀಲವನ್ನು ತೊಟ್ಟಿಯ ಒಂದು ಮೂಲೆಗೆ ಅದ್ದಿ ಸಿಕ್ಕಿದ್ದನ್ನು ಶೀಶೆಗೆ ಸುರಿದರೆ ಬರುವುದು ಚುರುಕಾಗಿ ಮೇಲೆ ಈಜುವ ಮರಿಗಳು. ರೋಗ ಇರುವುದು ತಳದಲ್ಲಿ ಕೂತವುಗಳಲ್ಲಿ. ತೊಟ್ಟಿಯ ಐದು ಕಡೆಗಳಿಂದ, ತಳದಿಂದಲೂ ಸೇರಿಸಿ ತೆಗೆಯಬೇಕು. ತೆಗೆದದ್ದನ್ನು ಬೋಗುಣಿಗೆ ಹಾಕಿ ನೀರನ್ನು ಕೈಯಿಂದ ಒಮ್ಮೆ ಸುತ್ತಿಸಿ ಬಿಡಿ. ಗಟ್ಟಿ ಮರಿಗಳು ಸುಳಿಗೆ ಎದುರಾಗಿ ಅಂಚಿಗೆ ಅಂಟಿಕೊಳ್ಳುತ್ತವೆ, ಸೋತವು ನಡುವೆ ಗುಡ್ಡೆಯಾಗುತ್ತವೆ. ಆ ನಡುವಿನವನ್ನೇ ಮೊದಲು ಹೆಕ್ಕಿ. ಇನ್ನೊಂದು ರೂಢಿಯೂ ಇದೆ: 10 ಲೀಟರ್ ನೀರಿಗೆ 1 ಮಿಲಿ ಫಾರ್ಮಾಲಿನ್, ಅಂದರೆ 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಭಾಗ), ಬೆರೆಸಿ ಗಾಳಿ ಬಿಡುತ್ತ ಅರ್ಧ ಗಂಟೆ ಮರಿಗಳನ್ನು ಅದರಲ್ಲಿಟ್ಟು, ಸೋತು ಬಿದ್ದವನ್ನು ಮಾದರಿಗೆ ತೆಗೆದುಕೊಳ್ಳುವುದು. ಹೀಗೆ ಸೋತವನ್ನೇ ಆರಿಸಿದರೆ ಸಂಖ್ಯಾಶಾಸ್ತ್ರದ ಲೆಕ್ಕ ಕೆಡುತ್ತದಲ್ಲ ಎನ್ನಬಹುದು. ಕೆಡುತ್ತದೆ, ನಿಜ, ಬೆಳೆಗಾರನ ಪರವಾಗಿ ಕೆಡುತ್ತದೆ.

ಮಾದರಿ ತೆಗೆಯುವವರು ಯಾರು ಎಂಬುದೂ ಸಣ್ಣ ಸಂಗತಿಯಲ್ಲ. ನಮ್ಮ ಕರಾವಳಿಗೆ ಮರಿಗಳು ಬಹುಪಾಲು ಪೂರ್ವ ಕರಾವಳಿಯ ಹ್ಯಾಚರಿಗಳಿಂದ ಬರುತ್ತವೆ. ಪರೀಕ್ಷೆಯಾದದ್ದು ಒಂದು ತೊಟ್ಟಿಯದು, ಪ್ಯಾಕಿಂಗ್ ಆದದ್ದು ಇನ್ನೊಂದು ತೊಟ್ಟಿಯದು ಎಂಬಂತಾದರೆ ಆ ಚೀಟಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಬೇರೆ ಉಪಯೋಗವಿಲ್ಲ. ಚೀಟಿಯ ಮೇಲೆ ತೊಟ್ಟಿಯ ಸಂಖ್ಯೆ, ಮಾದರಿ ತೆಗೆದ ದಿನಾಂಕ ಇರಲಿ. ಅದೇ ಸಂಖ್ಯೆ ಮರಿ ಬಂದ ಪೆಟ್ಟಿಗೆಯ ಮೇಲೂ ಇರಲಿ.

ಅಂಗದ ವಿಷಯಕ್ಕೆ ಬರೋಣ. ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಬಿಳಿ ಚುಕ್ಕೆ ವೈರಸ್ ಕಿವಿರು, ಚಿಪ್ಪಿನಡಿಯ ಪದರ, ಜಠರದ ಒಳಪದರ, ಈಜುಕಾಲು, ರಕ್ತ ಹುಟ್ಟುವ ಅಂಗಾಂಶ ಇವುಗಳಲ್ಲಿ ಬೆಳೆಯುತ್ತದೆ. ತಲೆಯೊಳಗಿನ ಕಂದು ಬಣ್ಣದ ಜೀರ್ಣಗ್ರಂಥಿಯ ಕೊಳವೆಗಳ ಕೋಶಗಳಲ್ಲಿ, ನಡುಗರುಳಿನ ಒಳಪದರದಲ್ಲಿ ಬೆಳೆಯುವುದಿಲ್ಲ. ಆದರೂ ‘ರೋಗ ಲಿವರಿನಲ್ಲಿರುತ್ತದೆ’ ಎಂದುಕೊಂಡು ಜೀರ್ಣಗ್ರಂಥಿಯನ್ನೇ ಕಿತ್ತು ಕಳಿಸುವವರಿದ್ದಾರೆ. ದೊಡ್ಡ ಸೀಗಡಿಯಾದರೆ ಕಿವಿರು, ಎರಡು ಮೂರು ಈಜುಕಾಲು ಕಳಿಸಿ. ತಾಯಿ ಸೀಗಡಿಯನ್ನು ಕೊಲ್ಲದೆ ನೋಡಬೇಕಿದ್ದರೆ ಈಜುಕಾಲಿನ ತುದಿಯಷ್ಟೇ ಸಾಕು. ಕಣ್ಣು ಮಾತ್ರ ಬೇಡವೇ ಬೇಡ: ಸೀಗಡಿಯ ಕಣ್ಣಿನಲ್ಲಿ ಪಿಸಿಆರ್‌ನ ಕಿಣ್ವವನ್ನು ತಡೆಯುವ ವಸ್ತುಗಳಿವೆ. ಇಡೀ ಮರಿಯನ್ನು ಅರೆಯುವಾಗಲೂ ಮರಿ ಹನ್ನೊಂದು ದಿನ ದಾಟಿದ್ದರೆ ಕಣ್ಣು ಕತ್ತರಿಸಿ ಬಿಸಾಡಬೇಕು. 150 ಮರಿಗಳ ಕಣ್ಣು ತೆಗೆಯುವುದು ಬೇಸರದ ಕೆಲಸ, ಹಾಗಾಗಿ ಅದು ತಪ್ಪಿಹೋಗುತ್ತದೆ. ಕಣ್ಣು ಸೇರಿದ ಮಾದರಿಯಲ್ಲಿ ವೈರಸ್ ಇದ್ದೂ ಫಲಿತಾಂಶ ನೆಗೆಟಿವ್ ಬರಬಹುದು.

ಕೆರೆಯಲ್ಲಿ ಸಾವು ಶುರುವಾದಾಗ ದಂಡೆಯ ಮೇಲೆ ಮಾಡಬಹುದಾದದ್ದು ಒಂದಿದೆ. ಕೆಂಪಗಾಗಿ ಕೊಳೆತು ತೇಲುತ್ತಿರುವುದನ್ನು ಮುಟ್ಟಬೇಡಿ. ಅಂಚಿಗೆ ಬಂದು ಮಂದವಾಗಿ ಈಜುತ್ತಿರುವುದನ್ನು ಹಿಡಿಯಿರಿ. ತಲೆಚಿಪ್ಪನ್ನು ಹಿಂದಿನ ಅಂಚಿನಿಂದ ಹೆಬ್ಬೆರಳಲ್ಲಿ ಎತ್ತಿದರೆ, ಈ ರೋಗವಿದ್ದಾಗ ಅದು ಸಡಿಲವಾಗಿ ಕಳಚಿಬರುತ್ತದೆ. ಒಳಮೈಗೆ ಅಂಟಿದ ಪೊರೆಯನ್ನು ಉಗುರಿನಿಂದ ಕೆರೆದು, ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಎದುರಾಗಿ ಹಿಡಿಯಿರಿ. ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್ ಅಗಲದ ದುಂಡು ಕಲೆಗಳು ಚಿಪ್ಪಿನ ಒಳಗೇ ಕೂತಿರುತ್ತವೆ. ಕೆರೆದರೆ ಹೋಗುವುದಿಲ್ಲ, ಏಕೆಂದರೆ ಅವು ಚಿಪ್ಪಿನಲ್ಲೇ ಸೇರಿಕೊಂಡ ಸುಣ್ಣದ ಅಂಶ. ಇಷ್ಟು ಕಂಡರೆ ಅನುಮಾನ ಬಲವಾಯಿತು ಎಂದರ್ಥ, ಖಾತರಿಯಾಯಿತು ಎಂದಲ್ಲ. ಕೆಲವು ಬ್ಯಾಕ್ಟೀರಿಯಾಗಳಿಂದಲೂ, ನೀರಿನ ಕ್ಷಾರ ವಿಪರೀತವಾದಾಗಲೂ ಇಂಥದೇ ಕಲೆ ಬರುತ್ತದೆ, ಸೀಗಡಿ ಸಾಯುವುದಿಲ್ಲ. ತಿರುವುಮುರುವಾಗಿ, ವನ್ನಾಮಿಯಲ್ಲಿ ಒಂದು ಚುಕ್ಕೆಯೂ ಇಲ್ಲದೆ ಇಡೀ ಕೆರೆ ಹೋಗುವುದೂ ಉಂಟು. ಚುಕ್ಕೆ ಇಲ್ಲ, ಹಾಗಾಗಿ ಬಿಳಿ ಚುಕ್ಕೆ ರೋಗವಲ್ಲ ಎಂದು ನೆಮ್ಮದಿಯಾಗಿ ಏರೇಟರ್ ಹಾಕಿ ಕೂತು, ಮೂರನೇ ದಿನ, ಸೀಗಡಿ ತಿಂದಿವೆಯೇ ಎಂದು ನೋಡುವ ಚೆಕ್ ಟ್ರೇಯಲ್ಲಿ ಆಹಾರ ಹಾಗೇ ಉಳಿದಾಗ ಎದ್ದರೆ ಕಾಲ ಮಿಂಚಿರುತ್ತದೆ.

ಕಳಿಸುವುದರಲ್ಲಿ ಎರಡು ದ್ರವಗಳ ಗೊಂದಲವಿದೆ. ಪಿಸಿಆರ್‌ಗಾದರೆ ನೂರಕ್ಕೆ 95ರ ಈಥೈಲ್ ಆಲ್ಕೋಹಾಲ್, ಅಂಗಾಂಶದ ಹತ್ತು ಪಟ್ಟು. ಶೀಶೆಯ ತುಂಬ ಸೀಗಡಿ ತುರುಕಿ ಸಂದಿಯಲ್ಲಿ ನಾಲ್ಕು ಹನಿ ಸುರಿದರೆ ಸೀಗಡಿಯ ಮೈಯ ನೀರೇ ಆಲ್ಕೋಹಾಲನ್ನು ತೆಳುಮಾಡಿ ಒಳಗೆಲ್ಲ ಕೊಳೆಯುತ್ತದೆ. ಬಾಟಲಿಯಲ್ಲಿ ನೂರಕ್ಕೆ ಹತ್ತು ಭಾಗದಷ್ಟೇ ಅಂಗಾಂಶ ಇರಲಿ. ಫಾರ್ಮಾಲಿನ್‌ನಲ್ಲಿ ಹಾಕಿದ್ದನ್ನು ಪಿಸಿಆರ್‌ಗೆ ಕಳಿಸಬೇಡಿ, ಡಿಎನ್‌ಎ ತುಂಡುತುಂಡಾಗಿರುತ್ತದೆ. ಊತಕ ಪರೀಕ್ಷೆಗೆ, ಅಂದರೆ ಅಂಗಾಂಶವನ್ನು ತೆಳುವಾಗಿ ಸೀಳಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ, ಡೇವಿಡ್‌ಸನ್ ದ್ರಾವಣ ಬೇಕು: ಒಂದು ಲೀಟರಿಗೆ 95ರ ಆಲ್ಕೋಹಾಲ್ 330 ಮಿಲಿ, ಫಾರ್ಮಾಲಿನ್ 220 ಮಿಲಿ, ಗ್ಲೇಶಿಯಲ್ ಅಸಿಟಿಕ್ ಆಮ್ಲ 115 ಮಿಲಿ, ಉಳಿದ 335 ಮಿಲಿ ಬಟ್ಟಿ ಇಳಿಸಿದ ನೀರು. ಜೀವವಿರುವ ಸೀಗಡಿಯ ಜೀರ್ಣಗ್ರಂಥಿಗೆ ಮೊದಲು ಸಿರಿಂಜಿನಿಂದ ಚುಚ್ಚಿ, ಆಮೇಲೆ ಉಳಿದ ಮೈಗೆ ಚುಚ್ಚಿ, ಚಿಪ್ಪನ್ನು ಬದಿಯಲ್ಲಿ ಸೀಳಿ, ಹತ್ತು ಪಟ್ಟು ದ್ರಾವಣದಲ್ಲಿ ಮುಳುಗಿಸಬೇಕು. ಸೀಗಡಿಯ ಗಾತ್ರ ನೋಡಿಕೊಂಡು ಒಂದರಿಂದ ಮೂರು ದಿನ ಇಟ್ಟು 70ರ ಆಲ್ಕೋಹಾಲ್‌ಗೆ ವರ್ಗಾಯಿಸಬೇಕು. ಜೀರ್ಣಗ್ರಂಥಿಗೆ ಮೊದಲು ಎಂದದ್ದಕ್ಕೆ ಕಾರಣವಿದೆ: ಅದರ ಕಿಣ್ವಗಳು ಸತ್ತ ನಿಮಿಷಗಳಲ್ಲೇ ಅದನ್ನೇ ಕರಗಿಸತೊಡಗುತ್ತವೆ. ಸತ್ತು ಒಂದು ಗಂಟೆಯಾದ ಸೀಗಡಿಯ ಜೀರ್ಣಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಬರೀ ಗಸಿ. ಅದನ್ನು ರೋಗವೆಂದು ಓದಿಬಿಟ್ಟವರೂ ಇದ್ದಾರೆ.

ಪ್ರಯೋಗಾಲಯದೊಳಗೆ ಏನು ತಪ್ಪಬಹುದು? ನಾವೇ ಇದನ್ನು ಹೇಳಬೇಕು. ಬಿಳಿ ಚುಕ್ಕೆ ವೈರಸ್‌ಗೆ ಹೆಚ್ಚು ಬಳಕೆಯಲ್ಲಿರುವುದು ಎರಡು ಹಂತದ ನೆಸ್ಟೆಡ್ ಪಿಸಿಆರ್. ಮೊದಲ ಹಂತದಲ್ಲಿ 1,447 ಬೇಸ್ ಜೋಡಿಯ ತುಣುಕು ಬೆಳೆಯುತ್ತದೆ. ಅದರ ಒಂದಿಷ್ಟನ್ನು ತೆಗೆದು ಎರಡನೇ ಹಂತಕ್ಕೆ ಹಾಕಿದರೆ 941ರ ತುಣುಕು. ಮೊದಲ ಹಂತದಲ್ಲೇ ಜೆಲ್ (ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸುವ ಪದರ) ಮೇಲೆ ಗೆರೆ ಕಂಡರೆ ಸೋಂಕು ಜೋರಾಗಿದೆ. ಎರಡನೆಯದರಲ್ಲಿ ಮಾತ್ರ ಕಂಡರೆ ಸೋಂಕು ಹಗುರವಾಗಿದೆ, ಇಲ್ಲವೇ ಆ ಟ್ಯೂಬಿಗೆ ಬೇರೆಲ್ಲಿಂದಲೋ ಡಿಎನ್‌ಎ ಹಾರಿ ಬಂದಿದೆ. ಮೊದಲ ಹಂತ ಮುಗಿದ ಟ್ಯೂಬಿನ ಮುಚ್ಚಳ ತೆಗೆದ ಕ್ಷಣದಲ್ಲಿ ಅದರೊಳಗಿನ ಕೋಟಿಗಟ್ಟಲೆ ಪ್ರತಿಗಳು ಗಾಳಿಗೆ, ಪಿಪೆಟ್ಟಿನ ಮೂತಿಗೆ, ಕೈಗವಸಿಗೆ ಅಂಟುತ್ತವೆ. ಅದಕ್ಕೇ ಮಾದರಿ ಅರೆಯುವ ಕೋಣೆ, ಮಿಶ್ರಣ ತಯಾರಿಸುವ ಕೋಣೆ, ಜೆಲ್ ಓಡಿಸುವ ಕೋಣೆ ಬೇರೆ ಬೇರೆ ಇರಬೇಕು, ಒಂದರ ಪಿಪೆಟ್ ಇನ್ನೊಂದಕ್ಕೆ ಹೋಗಬಾರದು. ಒಂದೇ ಕೋಣೆಯ ಒಂದೇ ಮೇಜಿನ ಮೇಲೆ ಎಲ್ಲವೂ ನಡೆಯುವಲ್ಲಿ ವಾರದೊಳಗೆ ಎಲ್ಲ ಮಾದರಿಗಳೂ ಪಾಸಿಟಿವ್ ಬರತೊಡಗುತ್ತವೆ. ಅಲ್ಲಿ ಚೆನ್ನಾಗಿರುವ ಮರಿಯೂ ಚರಂಡಿಗೆ ಹೋಗುತ್ತದೆ.

ಪ್ರತಿ ಸರದಿಯಲ್ಲೂ ಮೂರು ಸಾಕ್ಷಿಗಳಿರಬೇಕು. ನೀರು ಮಾತ್ರ ಹಾಕಿದ ಟ್ಯೂಬ್: ಇದರಲ್ಲಿ ಗೆರೆ ಬಂದರೆ ಇಡೀ ಸರದಿ ರದ್ದು. ಗೊತ್ತಿದ್ದ ವೈರಸ್ ಡಿಎನ್‌ಎ ಇರುವ ಟ್ಯೂಬ್: ಇದರಲ್ಲಿ ಬಾರದಿದ್ದರೂ ರದ್ದು. ಮೂರನೆಯದು ಸೀಗಡಿಯದ್ದೇ ಆದ ಜೀನ್. ಈ ಮೂರನೆಯದನ್ನೇ ಹೆಚ್ಚಿನವರು ಬಿಡುತ್ತಾರೆ, ನೆಗೆಟಿವ್ ಚೀಟಿಗೆ ಜೀವ ಕೊಡುವುದೂ ಅದೇ. ಸೀಗಡಿಯ ಸ್ವಂತ ಜೀನ್, ಉದಾಹರಣೆಗೆ ಎಲ್ಲ ಸೀಗಡಿ ಏಡಿಗಳಲ್ಲಿರುವ 18ಎಸ್ ಜೀನಿನ 848 ಬೇಸ್ ಜೋಡಿಯ ತುಣುಕು, ಜೆಲ್ ಮೇಲೆ ಮೂಡಿದರೆ ಮಾತ್ರ ಆ ಟ್ಯೂಬಿನಲ್ಲಿ ಡಿಎನ್‌ಎ ಇತ್ತು, ಕಿಣ್ವ ಕೆಲಸ ಮಾಡಿತು ಎಂದು ಹೇಳಲಾದೀತು. ಅದೂ ಬಾರದೆ ವೈರಸ್ಸೂ ಬಾರದಿದ್ದರೆ ಫಲಿತಾಂಶ ನೆಗೆಟಿವ್ ಅಲ್ಲ, ಪರೀಕ್ಷೆ ಆಗಿಯೇ ಇಲ್ಲ. ಬೆಳೆಗಾರರು ಜೆಲ್‌ನ ಫೋಟೊ ಕೇಳಿ ಪಡೆಯಬೇಕು. ಫೋನಿನಲ್ಲಿ ಕಳಿಸಲು ಒಂದು ನಿಮಿಷದ ಕೆಲಸ. ರಿಯಲ್‌ಟೈಮ್ ಪಿಸಿಆರ್ ಆದರೆ ಸಿಟಿ ಮೌಲ್ಯ, ಅಂದರೆ ವೈರಸ್ ಎಷ್ಟನೇ ಸುತ್ತಿನಲ್ಲಿ ಕಾಣಿಸಿತು ಎಂಬುದನ್ನು, ಕೇಳಿ: ಸುಮಾರು 3.3 ಕಡಿಮೆಯಾದರೆ ವೈರಸ್ ಹತ್ತು ಪಟ್ಟು ಹೆಚ್ಚು ಎಂದರ್ಥ. 18 ಬಂದದ್ದಕ್ಕೂ 36 ಬಂದದ್ದಕ್ಕೂ ಒಂದೇ ‘ಪಾಸಿಟಿವ್’ ಎಂಬ ಮುದ್ರೆ ಒತ್ತಿ ಕಳಿಸುವುದು ಸರಿಯಲ್ಲ.

150 ಮರಿಗಳನ್ನು ಒಟ್ಟಿಗೆ ಅರೆದು ಅದರಿಂದ ಚಿಟಿಕೆಯಷ್ಟು ತೆಗೆಯುವುದೂ ಒಂದು ದೌರ್ಬಲ್ಯ. ಹಗುರ ಸೋಂಕಿನ ಒಂದು ಮರಿ ಉಳಿದ 149ರ ಮಾಂಸದಲ್ಲಿ ಕರಗಿಹೋಗುತ್ತದೆ. ಮೂವತ್ತರಂತೆ ಐದು ಕಟ್ಟು ಮಾಡಿ ಐದು ಪರೀಕ್ಷೆ ನಡೆಸುವುದು ಉತ್ತಮ. ಖರ್ಚು ಐದು ಪಟ್ಟು ಎಂದು ಹ್ಯಾಚರಿಯವರು ಗೊಣಗುತ್ತಾರೆ. ಎರಡು ಲಕ್ಷ ಮರಿಯ ಬೆಲೆ, ಒಂದು ಬೆಳೆಯ ಆಹಾರದ ಬೆಲೆ, ಕರೆಂಟು ಡೀಸೆಲ್ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಅದು ಯಾವ ಮೂಲೆಗೂ ಇಲ್ಲ.

ಈಚಿನ ವರ್ಷಗಳ ದೊಡ್ಡ ತಲೆನೋವು ಬಿಳಿ ಚುಕ್ಕೆಗಿಂತ ಇಎಚ್‌ಪಿ. 2009ರಲ್ಲಿ ಥಾಯ್ಲೆಂಡಿನ ಟೈಗರ್ ಸೀಗಡಿಯಿಂದ ಮೊದಲು ವಿವರಿಸಲಾದ ಮೈಕ್ರೋಸ್ಪೊರಿಡಿಯನ್ ಪರಾವಲಂಬಿ ಅದು. ಬೀಜಕದ ಉದ್ದ ಹೆಚ್ಚೆಂದರೆ 1.7 ಮೈಕ್ರಾನ್, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಎಂದೇ ಮೋಸಹೋಗುವಷ್ಟು ಸಣ್ಣದು. ಇದು ಸೀಗಡಿಯನ್ನು ಒಮ್ಮೆಲೇ ಕೊಲ್ಲುವುದಿಲ್ಲ. ಬೆಳೆಯಲು ಬಿಡುವುದಿಲ್ಲ, ಅಷ್ಟೆ. ನಾಲ್ಕು ತಿಂಗಳಾದರೂ ಕೆರೆಯಲ್ಲಿ ದೊಡ್ಡದು, ಮಧ್ಯಮ, ಕಡ್ಡಿಯಂಥದು, ಎಲ್ಲ ಗಾತ್ರ ಒಟ್ಟಿಗೆ. ಹಾಕಿದ ಆಹಾರ ಲೆಕ್ಕಕ್ಕೆ ಸಿಗದು. ಕೆಲವು ಕಡೆ ಬಿಳಿ ಮಲದ ಎಳೆಗಳು ತೇಲುತ್ತವೆ. ಇದು ಕೂರುವುದು ಬಿಳಿ ಚುಕ್ಕೆ ವೈರಸ್ ಕೂರದ ಜಾಗದಲ್ಲೇ, ಅಂದರೆ ಜೀರ್ಣಗ್ರಂಥಿಯಲ್ಲಿ. ಕಿವಿರು, ಈಜುಕಾಲು ಕಳಿಸಿ ಇಎಚ್‌ಪಿ ನೋಡಿ ಎಂದರೆ ಸಿಗುವುದಿಲ್ಲ. ಹಾಗಾಗಿ ಎರಡೂ ಬೇಕಿದ್ದರೆ ಎರಡು ಶೀಶೆ. ಬೀಜಕದ ಹೊದಿಕೆಯ ಪ್ರೋಟೀನ್ ಜೀನನ್ನು ಹುಡುಕುವ ನೆಸ್ಟೆಡ್ ಪಿಸಿಆರ್, ಮೊದಲ ಹಂತ 514, ಎರಡನೆಯದು 148 ಬೇಸ್ ಜೋಡಿ, ಇದಕ್ಕೆ ನಂಬಲರ್ಹ. ಹಳೆಯ ಕಿಟ್‌ಗಳಲ್ಲಿ ಕೆಲವು, ಬೇರೆ ಜೀವಿಗಳ ಮೈಯಲ್ಲಿರುವ ಹತ್ತಿರದ ಸಂಬಂಧಿ ಪರಾವಲಂಬಿಗಳನ್ನೂ ಇದೇ ಎಂದು ತೋರಿಸುತ್ತವೆ. ತಾಯಿ ಸೀಗಡಿಯಲ್ಲಾದರೆ ಮಲವನ್ನು ಪರೀಕ್ಷಿಸಬಹುದು. ಆಮದಾದ ಎಸ್‌ಪಿಎಫ್ ತಾಯಿ ಸೀಗಡಿ ಚೆನ್ನೈನ ನೀಲಾಂಕರೈ ಕ್ವಾರಂಟೈನ್ ದಾಟಿ ಬಂದದ್ದೇ ಇರಲಿ, ಹ್ಯಾಚರಿಯಲ್ಲಿ ಅದಕ್ಕೆ ಜೀವಂತ ಸಮುದ್ರದ ಹುಳು ತಿನ್ನಿಸಿದರೆ ಆ ಹುಳುವಿನಿಂದಲೇ ಸೋಂಕು ಬರಬಹುದು. ಎಸ್‌ಪಿಎಫ್ ಎಂದರೆ ಪಟ್ಟಿಯಲ್ಲಿರುವ ರೋಗಗಳು ಬರುವ ಹೊತ್ತಿಗೆ ಇರಲಿಲ್ಲ ಎಂದಷ್ಟೆ. ರೋಗ ತಡೆಯುವ ತಾಕತ್ತು ಅದಕ್ಕಿದೆ ಎಂದು ಬರೆಯುವುದನ್ನು ಪತ್ರಿಕೆಗಳು ನಿಲ್ಲಿಸಬೇಕು.

ಇಎಚ್‌ಪಿ ಬಂದುಹೋದ ಮಣ್ಣಿನ ಕೆರೆಗೆ ಮಾಮೂಲಿ ಒಣಗಿಸುವುದು ಸಾಲದು. ಬೀಜಕದ ಹೊದಿಕೆ ಗಟ್ಟಿ. ಸುಟ್ಟ ಸುಣ್ಣ, ಹೆಕ್ಟೇರಿಗೆ ಆರು ಟನ್, ಅಂದರೆ ಒಂದು ಎಕರೆಗೆ ಹತ್ತಿರ ಎರಡೂವರೆ ಟನ್ ಬೇಕು. ಒಣ ಮಣ್ಣಿಗೆ ಹಾಕಿ 10ರಿಂದ 12 ಸೆಂಟಿಮೀಟರ್ ಆಳಕ್ಕೆ ಉಳುಮೆ ಮಾಡಿ, ಆಮೇಲೆ ನೀರು ಚಿಮುಕಿಸಬೇಕು. ಮಣ್ಣಿನ ಪಿಎಚ್ ಒಂದೆರಡು ದಿನ 12 ದಾಟಬೇಕು. ವಾರ ಬಿಟ್ಟು ಒಣಗಿಸಬಹುದು, ಇಲ್ಲವೇ ನೀರು ತುಂಬಬಹುದು. ಇಲ್ಲಿ ಆಗುವ ಎಡವಟ್ಟು ಎರಡು. ಒಂದು, ಅಗ್ಗವೆಂದು ಕೃಷಿ ಸುಣ್ಣ ತರುವುದು. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಎಷ್ಟು ಸುರಿದರೂ ಪಿಎಚ್ 12ರ ಹತ್ತಿರಕ್ಕೂ ಹೋಗದು. ಇನ್ನೊಂದು, ಸುಟ್ಟ ಸುಣ್ಣವನ್ನೇ ತಂದು ಮಳೆಗಾಳಿಗೆ ತೆರೆದ ಚೀಲದಲ್ಲಿ ವಾರಗಟ್ಟಲೆ ಇಡುವುದು. ಅದು ಚೀಲದಲ್ಲೇ ಅರಳಿ ತಣ್ಣಗಾಗಿರುತ್ತದೆ. ಒಂದು ಹಿಡಿ ಸುಣ್ಣಕ್ಕೆ ನೀರು ಹಾಕಿ ನೋಡಿ. ಬುಸುಗುಟ್ಟಿ ಬಿಸಿಯಾಗದಿದ್ದರೆ ಲಾರಿ ವಾಪಸ್ ಕಳಿಸಿ.

ವಿಬ್ರಿಯೋ ಎಂಬ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಎಣಿಸುವ ಟಿಸಿಬಿಎಸ್ ತಟ್ಟೆಗಳ ಬಗ್ಗೆಯೂ ಒಂದು ಮಾತು. ಕೆರೆಯ ನೀರನ್ನು ಈ ಹಸಿರು ಮಾಧ್ಯಮದ ಮೇಲೆ ಹರಡಿ ಮರುದಿನ ಎಣಿಸಿ ‘ಹಸಿರು ಕಾಲೊನಿ ಹೆಚ್ಚು, ಅಪಾಯ’ ಎನ್ನುವುದು ಈಗ ಎಲ್ಲ ಕಡೆ ನಡೆದಿದೆ. ಹಸಿರು ಎಂದರೆ ಆ ವಿಬ್ರಿಯೋ ಸಕ್ಕರೆಯನ್ನು, ಅಂದರೆ ಸುಕ್ರೋಸನ್ನು, ಹುದುಗಿಸುವುದಿಲ್ಲ ಎಂದಷ್ಟೆ. ಎಳೆಯ ಸೀಗಡಿಯ ಜೀರ್ಣಗ್ರಂಥಿ ಕರಗಿಸುವ ಎಎಚ್‌ಪಿಎನ್‌ಡಿ ರೋಗ ತರುವುದು ಸುಮಾರು 70 ಸಾವಿರ ಬೇಸ್ ಜೋಡಿಯ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಬಿಡಿ ಡಿಎನ್‌ಎ ಉಂಗುರ) ಒಂದರಲ್ಲಿರುವ ಪಿರ್-ಎ, ಪಿರ್-ಬಿ ಎಂಬ ಎರಡು ವಿಷದ ಜೀನ್‌ಗಳು. ಅವು ಇಲ್ಲದ ಹಸಿರು ಕಾಲೊನಿ ಈ ರೋಗ ತರದು, ಇರುವುದು ಬಣ್ಣದಲ್ಲಿ ಬೇರೆ ಕಾಣದು. ತಟ್ಟೆಯ ಮೇಲಿಂದ ಕಾಲೊನಿ ತೆಗೆದು ಪಿಸಿಆರ್ ಮಾಡದೆ ಮಾತಾಡುವುದು ಬರೀ ಊಹೆ. ಮಾದರಿ ತೆಳುಮಾಡಲು ಬರೀ ಬಟ್ಟಿ ನೀರು ಬಳಸಿದರೆ ಉಪ್ಪು ಬೇಡುವ ವಿಬ್ರಿಯೋಗಳು ಸಾಯುತ್ತವೆ, ಎಣಿಕೆ ಕಡಿಮೆ ಬರುತ್ತದೆ. ನೂರಕ್ಕೆ ಒಂದೂವರೆ ಎರಡರಷ್ಟು ಉಪ್ಪಿನ ನೀರು ಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿ ನಿಜಕ್ಕೂ ಶುದ್ಧ ಮರಿ ಬಿಟ್ಟರೂ ರೋಗ ಬರಬಹುದು, ಏಕೆಂದರೆ ಚೀಟಿ ಹೇಳುವುದು ಮರಿಯ ವಿಷಯ, ಕೆರೆಯದ್ದಲ್ಲ. ಅಘನಾಶಿನಿಯಂಥ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರಿನ ತಗ್ಗು ಗದ್ದೆಗಳಲ್ಲಿ, ಭರತದ ನೀರೇ ಒಳಬರುತ್ತದೆ. ಜೊತೆಗೆ ಏಡಿ, ಕಾಡು ಸೀಗಡಿ. ಏಡಿ ಈ ವೈರಸ್ಸನ್ನು ಹೊತ್ತೂ ಸಾಯದೆ ತಿರುಗುತ್ತದೆ. ಮಣ್ಣಿನ ಮಾತು ಬೇರೆ: ಬಿಸಿಲಿಗೆ ಒಣಗಿಸಿದ ಕೆರೆಮಣ್ಣಿನಲ್ಲಿ 19 ದಿನ, ನೀರು ನಿಂತ ಮಣ್ಣಿನಲ್ಲಿ 35 ದಿನದವರೆಗೆ ವೈರಸ್ ಸೋಂಕು ತರಬಲ್ಲದು ಎಂದು ಪ್ರಯೋಗದಿಂದ ಗೊತ್ತಾಗಿದೆ. ಎರಡು ವಾರ ಒಣಗಿಸಿ ಮತ್ತೆ ಮರಿ ಬಿಡುವ ಅವಸರ ಇದರಿಂದಲೇ ಕೈಕೊಡುತ್ತದೆ. ಆದರೆ ಕೆರೆಯ ಮಣ್ಣನ್ನೋ ನೀರನ್ನೋ ಪಿಸಿಆರ್‌ಗೆ ಕೊಟ್ಟು ಪಾಸಿಟಿವ್ ಬಂತೆಂದು ಕಂಗೆಡಬೇಕಿಲ್ಲ. ಬ್ಲೀಚಿಂಗ್‌ನಿಂದ ಸತ್ತ ವೈರಸ್‌ನ ಡಿಎನ್‌ಎ ಚೂರನ್ನೂ ಪಿಸಿಆರ್ ಹಿಡಿಯುತ್ತದೆ. ಬದುಕಿದೆಯೋ ಸತ್ತಿದೆಯೋ ಅದಕ್ಕೆ ತಿಳಿಯದು.

ರೋಗ ಖಚಿತವಾದ ಕೆರೆಯ ನೀರನ್ನು ಹಾಗೇ ಹೊಳೆಗೆ ಬಿಡುವುದು ನೆರೆಯವನ ಕೆರೆಗೆ ವೈರಸ್ ಸುರಿದಂತೆಯೇ. ತೂಬು ಮುಚ್ಚಿ, ಏರೇಟರ್ ಓಡಿಸುತ್ತ, ಮಾರುವಷ್ಟು ದೊಡ್ಡದಾದದ್ದನ್ನು ಬೀಸುಬಲೆಯಲ್ಲಿ ಹಿಡಿಯಿರಿ. ಉಳಿದ ನೀರಿಗೆ 30 ಪಿಪಿಎಂ ಕ್ಲೋರಿನ್. ಲೆಕ್ಕ ಸರಳ: ಒಂದು ಎಕರೆ, ಒಂದು ಮೀಟರ್ ಆಳ ಎಂದರೆ 4,000 ಘನ ಮೀಟರ್ ನೀರು, ಅದಕ್ಕೆ 120 ಕಿಲೋ ಕ್ಲೋರಿನ್, ನೂರಕ್ಕೆ 30 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ 400 ಕಿಲೋ, 25 ಕಿಲೋದ 16 ಚೀಲ. ಕರಾವಳಿಯ ತೇವದಲ್ಲಿ ಬಾಯಿ ಬಿಚ್ಚಿಟ್ಟ ಹಳೆಯ ಚೀಲದಲ್ಲಿ ಮೂವತ್ತು ಉಳಿದಿರುವುದಿಲ್ಲ. ಹೊಸದನ್ನೇ ತನ್ನಿ, ಹಾಕಿ ಕನಿಷ್ಠ ಒಂದು ವಾರ ನೀರು ಹಿಡಿದಿಡಿ. ವರದಿ ಮಾಡುವುದಕ್ಕೂ ದಾರಿ ಇದೆ: 2013ರಿಂದ ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ ನಡೆಯುತ್ತಿದೆ, 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್ ಬಂದಿದೆ. ಹೆಸರು ಹೊರಬಂದರೆ ಮಾಲು ಕೊಳ್ಳುವವರು ದರ ಇಳಿಸುತ್ತಾರೆಂಬ ಹೆದರಿಕೆಗೆ ಬೆಳೆಗಾರರು ಬಾಯಿ ಬಿಡುವುದಿಲ್ಲ. ಆ ಹೆದರಿಕೆ ಸುಳ್ಳೆಂದು ನಾವು ಹೇಳುವುದಿಲ್ಲ. ಇಲಾಖೆ ಕೆರೆಯ ಗುರುತು ಬಯಲಾಗದಂತೆ ತಾಲ್ಲೂಕು ಮಟ್ಟದ ಮಾಹಿತಿಯನ್ನಷ್ಟೇ ಪ್ರಕಟಿಸುವುದಾದರೆ ಅದು ಕಡಿಮೆಯಾದೀತು.

ಇಲಾಖೆಯನ್ನು, ಪ್ರಯೋಗಾಲಯಗಳನ್ನು ನಾವು ಕೇಳುವುದು ಒಂದು ಪುಟದ ನಮೂನೆ. ತೊಟ್ಟಿಯ ಸಂಖ್ಯೆ, ಮಾದರಿ ತೆಗೆದವರು ಯಾರು, ಎಷ್ಟು ಮರಿ, ಎಷ್ಟು ಕಟ್ಟು, ಕಣ್ಣು ತೆಗೆದಿದೆಯೇ, ಯಾವ ಅಂಗ, ಯಾವ ದ್ರವ, ಯಾವ ರೋಗಕ್ಕೆ, ಮೂರು ಸಾಕ್ಷಿಗಳ ಫಲಿತಾಂಶ, ಹಂತ ಒಂದೋ ಎರಡೋ ಅಥವಾ ಸಿಟಿ ಮೌಲ್ಯ, ಮತ್ತು ‘ಇಷ್ಟು ಮರಿಗಳ ಪರೀಕ್ಷೆಯಿಂದ ನೂರಕ್ಕೆ ಇಷ್ಟಕ್ಕಿಂತ ಕಡಿಮೆ ಸೋಂಕನ್ನು ತಳ್ಳಿಹಾಕಲಾಗದು’ ಎಂಬ ಸಾಲು, ಕನ್ನಡದಲ್ಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಹುದ್ದೆಯೂ ಬೇಡ. ಖಾಲಿ ಬಿಟ್ಟ ಅಂಕಣವಿರುವ ಚೀಟಿಗೆ ಬೆಳೆಗಾರರು ಹಣ ಕೊಡದಿದ್ದರೆ ನಮೂನೆ ತಾನಾಗಿ ತುಂಬುತ್ತದೆ.

ಕೊನೆಯದಾಗಿ, ಮಾದರಿಯನ್ನು ಬಸ್ ಪಾರ್ಸೆಲ್‌ನಲ್ಲಿ ಹಾಕುವವರು ಸೋಮವಾರದಿಂದ ಬುಧವಾರದೊಳಗೆ ಹಾಕಿ. ಶುಕ್ರವಾರ ಸಂಜೆ ಹಾಕಿದ್ದು ಭಾನುವಾರವೆಲ್ಲ ಪಾರ್ಸೆಲ್ ಕೋಣೆಯಲ್ಲಿ ಕೂತು, ಐಸ್ ಕರಗಿ, ಸೋಮವಾರ ನಮ್ಮ ಮೇಜಿಗೆ ಬರುವಾಗ ವಾಸನೆಯೇ ಮೊದಲು ಬರುತ್ತದೆ. ಆಲ್ಕೋಹಾಲ್ ಹಾಕಿದ ಶೀಶೆಯಾದರೆ ಮುಚ್ಚಳಕ್ಕೆ ಟೇಪ್ ಸುತ್ತಿ, ಹೆಸರನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದ ಕೂಡಲೇ ಅಳಿಸಿಹೋಗುತ್ತದೆ.

ಇತಿ,
ಸೀಗಡಿ ರೋಗ ಪತ್ತೆ ಪ್ರಯೋಗಾಲಯಗಳ ಕೆಲವು ತಂತ್ರಜ್ಞರು ಮತ್ತು ಮೀನುಗಾರಿಕಾ ಪದವೀಧರರು,
ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ